ಹಳದಿ ಅಂಚಿನ ಬ್ರೌಸರ್

"ಬೋರುಯ್ ಅನ್ನೋರು ಇದಾರಾ?"

ತೈನಾನ್‌ನ ಹಳೇ ಪೇಟೆಯ ಆ ಮೊಬೈಲ್ ರಿಪೇರಿ ಅಂಗಡಿಯಲ್ಲಿ, ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಯುನ್‌ಶಾನ್ ಕೇಳಿದಳು.

ಮೇಜಿನಾಚೆಯಿಂದ ಗಂಡಸಿನ ದನಿ ಬಂತು. "ಗೊತ್ತಿಲ್ದೋರ ಥರ ಕೇಳ್ತೀರಲ್ಲ. ಒಂದ್ಸಲ ನೋಡಿ ಹೋಗಿದ್ದು ಸಾಲಲಿಲ್ವಾ?"

ಅವಳಿಗೆ ಏನೂ ಅರ್ಥವಾಗಲಿಲ್ಲ. ನೋಡಿದ್ದು? ಯಾವಾಗ?

ಮೂರು ವರ್ಷದ ಹಿಂದೆ ಬೋರುಯ್ ತಾನೇ ಬರೆದ, ಬ್ರೌಸರಿನ ಬಣ್ಣ ಬದಲಿಸುವ ಥೀಮ್ ಕಡತವೊಂದನ್ನು ಅಂತರ್ಜಾಲದಲ್ಲಿ ಹಂಚಿದ್ದ. ಕಪ್ಪು ಕಿಟಕಿ, ದಪ್ಪ ಹಳದಿ ಅಂಚು, ದೊಡ್ಡ ಅಕ್ಷರದ ಟ್ಯಾಬುಗಳು. ಅವಳು ಧನ್ಯವಾದ ಹೇಳಿ ಇಮೇಲ್ ಪತ್ರ ಬರೆದಳು. ಆಮೇಲೆ ಪತ್ರಗಳು ನಿಲ್ಲಲೇ ಇಲ್ಲ. ಏಳು ತಿಂಗಳ ಹಿಂದೆ ಸಿಹಿತಿಂಡಿ ಅಂಗಡಿಯಲ್ಲಿ ಸಿಗೋಣ ಎಂದು ಅವನೇ ಕರೆದಿದ್ದ. ಅವಳು ಒಂದು ಗಂಟೆ ಕಾದಳು. ಅವನು ಬರಲಿಲ್ಲ... ಆಮೇಲೆ ಪತ್ರವೂ ಬರಲಿಲ್ಲ.

ಇನ್ನೆಂದೂ ಅವನನ್ನು ಹುಡುಕಬಾರದೆಂದೇ ಇದ್ದಳು. ಆದರೆ ಮೊನ್ನೆ ಬ್ರೌಸರ್ ಅಪ್‌ಡೇಟ್ ಆಯಿತು. ಹಳದಿ ಅಂಚು ಹೋಯಿತು, ಪರದೆಯೆಲ್ಲ ಬಿಳಿ. ಥೀಮ್ ಬಳಸಲು ಬಿಡುವ, ಒಳಗೆಲ್ಲೋ ಅಡಗಿದ್ದ ಸೆಟ್ಟಿಂಗ್ ಆನ್ ಮಾಡಿ ನೋಡಿದಳು, ಸರಿಹೋಗಲಿಲ್ಲ. ಹಳೇ ಆವೃತ್ತಿಗೆ ಮರಳಲು ಕಚೇರಿಯವರು ಒಪ್ಪಲಿಲ್ಲ. ಅವಳು ಮಾಡುವ ಬಸ್ ಕಂಪನಿಯ ಬುಕಿಂಗ್ ಕೆಲಸವೆಲ್ಲ ಬ್ರೌಸರಿನಲ್ಲೇ. ಎರಡು ದಿನದಲ್ಲಿ ಹನ್ನೊಂದು ಟಿಕೆಟ್ ತಪ್ಪಾಗಿದ್ದವು. ನಾಳೆಯೂ ಹೀಗೇ ಆದರೆ ಕೆಲಸಕ್ಕೆ ಬರುವುದು ಬೇಡ ಎಂದಿದ್ದರು. ಹಳೇ ಪತ್ರದಲ್ಲಿದ್ದ ಅಂಗಡಿಯ ವಿಳಾಸ ಹಿಡಿದು ಬಂದಿದ್ದಳು.

ಅದನ್ನೆಲ್ಲ ಹೇಳಿದಾಗ ಬೋರುಯ್ ಬೇಸರದಿಂದ, ಬಣ್ಣ ತಾನೇ, ಬೇರೆ ಯಾವುದಾದರೂ ಹಾಕಿಕೊಳ್ಳಿ ಎಂದ.

ಯುನ್‌ಶಾನ್ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟಳು. ಮೂರು ವರ್ಷ ಮುಚ್ಚಿಟ್ಟದ್ದನ್ನು ಇನ್ನು ಮುಚ್ಚಿಡುವ ಶಕ್ತಿ ಅವಳಲ್ಲಿರಲಿಲ್ಲ.

"ನಂಗೆ ಕಣ್ಣು ಸರಿಯಾಗಿ ಕಾಣಲ್ಲ. ಕೊಳವೆಯೊಳಗಿಂದ ನೋಡಿದ ಹಾಗೆ, ಒಂಚೂರು ಮಾತ್ರ. ಬಿಳಿ ಬೆಳಕಿದ್ರೆ ಅದೂ ಇಲ್ಲ. ಹಳದಿ ಇಷ್ಟ ಅಂತ ಬರೆದಿದ್ದೆನಲ್ಲ... ಸುಳ್ಳು. ನಂಗೆ ಕಾಣೋದೇ ಅದು."



"ಆವತ್ತು ನಾನು ಬಾಗಿಲ ಪಕ್ಕದ ಮೇಜಲ್ಲೇ ಇದ್ದೆ," ಎಂದ ಅವನು ನಿಧಾನವಾಗಿ. "ನೀವು ಕಳಿಸಿದ್ದ ಫೋಟೋದಿಂದ ಗುರುತು ಹಿಡಿದೆ. ನೀವು ನನ್ನ ಕಡೆಗೇ ನೋಡಿ, ಮುಖ ತಿರುಗಿಸಿ ಒಳಗೆ ಹೋದ್ರಿ. ನನ್ನ ಕೆನ್ನೆ ಸುಟ್ಟಿದೆ. ಅದನ್ನ ನೋಡಿಯೇ ಅಂದ್ಕೊಂಡು ಎದ್ದು ಬಂದ್ಬಿಟ್ಟೆ."

ಅವಳು ಕೈಗೆ ಸಿಕ್ಕ ಸ್ಟೂಲಿನ ಮೇಲೆ ಕುಳಿತಳು. ಏಳು ತಿಂಗಳು ಇಬ್ಬರೂ ನೊಂದದ್ದು ಇದಕ್ಕಾ?

ಅವನು ಲ್ಯಾಪ್‌ಟಾಪನ್ನು ಎಳೆದುಕೊಂಡ. ಹೊಸ ಆವೃತ್ತಿಯಲ್ಲಿ ಕಿಟಕಿಯ ಭಾಗಗಳ ಹೆಸರುಗಳೇ ಬದಲಾಗಿದ್ದವು, ಹಳೇ ಕಡತ ಯಾವುದನ್ನೂ ಗುರುತಿಸುತ್ತಿರಲಿಲ್ಲ. ಒಂದೊಂದೇ ಹೆಸರು ಹುಡುಕಿ ಮೊದಲಿಂದ ಬರೆದ. ಎರಡು ಸಲ ಪರದೆ ಪೂರ್ತಿ ಬಿಳಿಯಾಗಿಯೇ ತೆರೆಯಿತು. ಅವಳು ಬೆರಳು ಬಿಗಿಹಿಡಿದು ಕುಳಿತಿದ್ದಳು. ಮೂರನೆಯ ಸಲ, ಸಂಜೆ ಐದರ ಹೊತ್ತಿಗೆ, ಕಪ್ಪಿನ ಸುತ್ತ ಹಳದಿ ಮೂಡಿತು.

ಅವಳ ಕಣ್ಣು ತುಂಬಿತು. ಆದರೆ ಅವಳು ಪರದೆಯಿಂದ ಮುಖ ತಿರುಗಿಸಿದಳು.

"ಬೋರುಯ್, ಸ್ವಲ್ಪ ಹತ್ರ ಬನ್ನಿ. ನಿಮ್ಮನ್ನ ನಾನಿನ್ನೂ ನೋಡೇ ಇಲ್ಲ."

ಅವನು ಬಾಗಿದ. ಹುಬ್ಬು, ಮೂಗು, ಸುಟ್ಟ ಕೆನ್ನೆ... ಚೂರುಚೂರಾಗಿ ಅವಳು ನೋಡುತ್ತ ಹೋದಳು.

"ಹೆದರಿಕೆ ಆಗುತ್ತಾ?" ಅವನು ಕೇಳಿದ.

"ನೀವು ಪತ್ರ ಬರೀಲಿಲ್ವಲ್ಲ, ಆಗ ಆಗಿತ್ತು ಹೆದರಿಕೆ. ನಿಮ್ಮನ್ನ ಪ್ರೀತಿಸ್ತೀನಿ ಅಂತ ಹೇಳೋಕೆ ಮುಂಚೆನೇ ಕಳ್ಕೊಂಡೆ ಅಂತ."

ಅವನು ಇನ್ನಷ್ಟು ಹತ್ತಿರ ಬಾಗಿದ. ಆಮೇಲೆ ಕೇಳಿದ, "ನೋಡಿ ಆಯ್ತಾ?"

"ಇಲ್ಲ, ಇನ್ನೂ ತುಂಬಾ ಇದೆ. ಅಲ್ಲಾಡ್ಬೇಡಿ."