ಹಿಂದಿರುಗದ ಸೂಪಿನ ಪಾತ್ರೆ

ಎಲ್ವಿರಾಳಿಗೆ ಸಿಟ್ಟು ಮಾಡಿಕೊಳ್ಳಲೂ ತ್ರಾಣವಿರಲಿಲ್ಲ. ಪ್ವೆಬ್ಲಾ ಊರಿನ ಮಾರುಕಟ್ಟೆಯ ಊಟದಂಗಡಿಯಲ್ಲಿ ಬೆಳಗಿನಿಂದ ಒಲೆ ಮುಂದೆ ನಿಂತು ಬಂದವಳು, ತನ್ನ ಮನೆಗೂ ಹೋಗದೆ ವಠಾರದ ಅಂಗಳ ದಾಟಿ ತಾದೆಯೋನ ಬಾಗಿಲು ತಟ್ಟಿದಳು. ಅವಳಿಗೆ ತನ್ನ ಪಾತ್ರೆ ವಾಪಸ್ ಬೇಕಿತ್ತು, ಅಷ್ಟೇ. ಅಷ್ಟೇ ಎಂದು ಅವಳು ಹೇಳಿಕೊಂಡಳು, ನಾವು ನಂಬಬೇಕೆಂದೇನಿಲ್ಲ.

ಬಸ್ ಡ್ರೈವರ್ ತಾದೆಯೊ ಹೆಂಡತಿಯನ್ನು ಕಳೆದುಕೊಂಡು ವರ್ಷಗಳಾಗಿದ್ದವು. ಸಂಜೆ ಅಂಗಳದ ನಲ್ಲಿಯ ಬಳಿ ಎಲ್ವಿರಾಳ ಬಕೆಟ್ ಎತ್ತಿಕೊಡುತ್ತಿದ್ದ, ಏನಾದರೊಂದು ಹೇಳಿ ನಗಿಸುತ್ತಿದ್ದ. ಹೋದ ತಿಂಗಳು ಅವನು ಜ್ವರದಲ್ಲಿ ಮಲಗಿದಾಗ ಅವಳು ಟೊಮೇಟೊ ಸೂಪು ಮಾಡಿ ಪಾತ್ರೆ ಸಮೇತ ಕೊಟ್ಟು ಬಂದಳು. ಆಮೇಲೆ ಅವನು ನಲ್ಲಿಯ ಕಡೆ ಸುಳಿಯಲೇ ಇಲ್ಲ. ಎದುರಾದರೆ ಮುಖ ತಿರುಗಿಸುತ್ತಿದ್ದ.

ಆ ವಠಾರದಲ್ಲಿ ಯಾರೂ ಪಕ್ಕದ ಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಬೇಯಿಸಿದ ಬೀನ್ಸನ್ನಾದರೂ ಒಂದು ಸೌಟು ಹಾಕಿಯೇ ಕೊಡಬೇಕು. ಪಾತ್ರೆಯನ್ನೇ ಕೊಡದಿದ್ದರೆ ಏನರ್ಥ? ನಿನ್ನ ಸಹವಾಸ ಸಾಕು ಎಂದಲ್ಲವೇ? ಯೋಚಿಸಿ ಯೋಚಿಸಿ ಸೋತ ಎಲ್ವಿರಾ, ದೂರದ ವೆರಾಕ್ರೂಸಿನಲ್ಲಿದ್ದ ಅಕ್ಕನಿಗೆ ನಿನ್ನ ಜೊತೆಗೇ ಇರಲು ಬರುತ್ತೇನೆ ಎಂದುಬಿಟ್ಟಿದ್ದಳು.

ಬಾಗಿಲು ತೆರೆಯಿತು. ಒಳಗಿನಿಂದ ಸೀದ ವಾಸನೆ ಬಂತು. ಅಂಗಿಯ ತುಂಬ ಟೊಮೇಟೊ ರಸ ಸಿಡಿಸಿಕೊಂಡ ತಾದೆಯೊ ಕದ್ದು ಸಿಕ್ಕಿಬಿದ್ದವನಂತೆ ನಿಂತಿದ್ದ. ಅವಳ ಪಾತ್ರೆ ಒಲೆಯ ಮೇಲಿತ್ತು.

"ನನ್ನ ಪಾತ್ರೆ ಕೊಡಿ, ತಾದೆಯೊ ಅವರೇ. ಭಾನುವಾರ ಅಕ್ಕನ ಊರಿಗೆ ಹೊರಟಿದೀನಿ. ಇನ್ನು ಬರಲ್ಲ."

ಅವನ ಮುಖ ಇಳಿದುಹೋಯಿತು. ಬರಿದಾಗಿ ಕೊಡುವುದು ಹೇಗೆಂದು ಆ ಸೂಪನ್ನೇ ಮಾಡಲು ಹೊರಟೆನೆಂದೂ, ಒಮ್ಮೆ ಹಸಿ ವಾಸನೆ, ಒಮ್ಮೆ ಕಹಿ, ಮಾಡಿದ್ದನ್ನೆಲ್ಲ ಚೆಲ್ಲಿದೆನೆಂದೂ ತೊದಲಿದ. ಪಾತ್ರೆ ತುಂಬದೆ ಅವಳಿಗೆ ಮುಖ ತೋರಿಸಲು ನಾಚಿಕೆಯಾಗಿತ್ತಂತೆ.

"ಒಂದಿಷ್ಟು ಬೀನ್ಸ್ ಹಾಕಿ ಕೊಟ್ಟಿದ್ರೆ ಮುಗೀತಿತ್ತಲ್ಲ?"

"ಮುಗೀತಿತ್ತು." ಅವನು ಈಗ ಅವಳನ್ನೇ ನೋಡಿದ. "ನನಗೆ ಮುಗಿಸೋದು ಬೇಕಿರ್ಲಿಲ್ಲ."

ಎಲ್ವಿರಾ ಪಾತ್ರೆಯೊಳಗೆ ಇಣುಕಿದಳು. ತಳ ಹತ್ತಿದ್ದರೂ ಸೂಪು ಪೇಲವವಾಗಿತ್ತು, ಮಹಾರಾಯ ಅರೆದ ಟೊಮೇಟೊವನ್ನು ಹುರಿದೇ ಇರಲಿಲ್ಲ. ಅಭ್ಯಾಸಬಲದಿಂದ ಅವಳ ಕೈ ಸೌಟಿನತ್ತ ಹೋಯಿತು. ಅವನು ಸೌಟನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡು, ನೀವು ಕೂತು ಬರೀ ಬಾಯಲ್ಲಿ ಹೇಳಿ ಎಂದ. ಅಡುಗೆಮನೆಯಲ್ಲಿ ಅವಳಿಗೆ ಕೂತುಕೋ ಎಂದವರು ಇದುವರೆಗೆ ಯಾರಿದ್ದರು?

ಅವಳು ಹೇಳುತ್ತ ಹೋದಳು, ಅವನು ಹೊಸದಾಗಿ ಮಾಡುತ್ತ ಹೋದ. ಟೊಮೇಟೊ, ಈರುಳ್ಳಿ, ಬೆಳ್ಳುಳ್ಳಿಯನ್ನು ಮಣ್ಣಿನ ಹೆಂಚಿನ ಮೇಲೆ ಅಲ್ಲಲ್ಲಿ ಕಪ್ಪಾಗುವಂತೆ ಸುಟ್ಟ. ಕಲ್ಲಿನಲ್ಲಿ ಅರೆದ. ಕಾದ ಎಣ್ಣೆಗೆ ಸುರಿದಾಗ ಸಿಡಿದ ರಸಕ್ಕೆ ಹಾರಿಬಿದ್ದ. ಬಸ್ ಓಡಿಸಿದಂತೆ ಅವಸರ ಬೇಡ, ಕೆಂಪು ಗಾಢವಾಗಲಿ, ಆಮೇಲೆ ಕೋಳಿ ಬೇಯಿಸಿದ ತಿಳಿನೀರು ಹಾಕಿ ಕುದಿಸಿ ಎಂದು ಅವಳು ಕೆಣಕಿದಳು. ಅವನ ಕಿವಿಗಳು ಕೆಂಪಾದವು. ಜ್ವರದಿಂದ ಬಡವಾದ ಆ ಕುತ್ತಿಗೆಯನ್ನು ನೋಡುತ್ತ ಅವಳ ಎದೆ ಕರಗಿತು. ನೋಡುತ್ತಲೇ ಕಣ್ಣು ಮುಚ್ಚಿಹೋಯಿತು.

ಎಚ್ಚರವಾದಾಗ ಅವನ ಕೋಟು ಅವಳ ಹೆಗಲ ಮೇಲಿತ್ತು. ಮೇಜಿನ ಮೇಲೆ ತಟ್ಟೆ ಮುಚ್ಚಿದ ಎರಡು ಬಟ್ಟಲು. ಅವನು ಉಣ್ಣದೆ ಕಾದಿದ್ದ.

ಒಂದು ಚಮಚ ಬಾಯಿಗಿಟ್ಟವಳ ಕಣ್ಣಲ್ಲಿ ನೀರು ಬಂತು. ಅವನು ಗಾಬರಿಯಿಂದ ಉಪ್ಪು ಜಾಸ್ತಿಯಾಯಿತೇ ಎಂದು ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಉಪ್ಪು ನಿಜಕ್ಕೂ ಕಡಿಮೆಯೇ ಇತ್ತು.

"ಹೋಗ್ಬೇಡಿ ಎಲ್ವಿರಾ. ನೀವಂದ್ರೆ ನನಗೆ ತುಂಬಾ ಇಷ್ಟ."

"ನನಗೆ ಸುಸ್ತಾಗಿದೆ, ತಾದೆಯೊ," ಎಂದಳು ಅವಳು. "ದಿನವಿಡೀ ಊರಿಗೆಲ್ಲ ಬೇಯಿಸಿ ಹಾಕ್ತೀನಿ. ಮನೇಲೂ ಇನ್ನೊಬ್ರಿಗೆ ಬೇಯಿಸಿ ಹಾಕೋಕೆ ನನ್ನ ಕೈಲಾಗಲ್ಲ."

"ನಾನು ನಿಮ್ಮನ್ನ ಅಡುಗೆಗೆ ಕರೀತಿಲ್ಲ. ಊಟಕ್ಕೆ ಕರೀತಿದೀನಿ."

ಅವಳು ಬಟ್ಟಲನ್ನು ಅವನತ್ತ ಸರಿಸಿದಳು.

"ಇನ್ನೊಂದು ಸೌಟು ಹಾಕಿ. ಉಂಡ ಮೇಲೆ ಅಕ್ಕನಿಗೆ ಫೋನ್ ಮಾಡ್ತೀನಿ, ಬರೋದಿಲ್ಲ ಅಂತ."