ಕೋಟೆ ಕಾಯಲು ಹೋದ ಸೈನ್ಯ

ಡಬ್ಬಿ ಖಾಲಿಯಾಗಿತ್ತು. ನನ್ನ ಜೀವ ಬಾಯಿಗೆ ಬಂತು.

"ಅಮ್ಮಾ, ಇದರಲ್ಲಿದ್ದ ಸೈನಿಕರೆಲ್ಲಿ?"

"ನಮ್ಮ ಸೊಸೈಟಿ ಮಕ್ಳು ದೀಪಾವಳಿಗೆ ಕೆಳಗೆ ಮರಾಠರ ಕಿಲ್ಲಾ ಕಟ್ಟಿದ್ದಾರಲ್ಲ, ಅವ್ರಿಗೆ ಕೊಟ್ಟೆ" ಎಂದಳು ಅಮ್ಮ, ಚಕ್ಕುಲಿ ಒತ್ತುತ್ತಾ. "ಪಾಪ, ಅಷ್ಟು ಚಂದದ ಮಣ್ಣಿನ ಕೋಟೆ, ಕಾಯ್ಲಿಕ್ಕೆ ಒಬ್ಬನೂ ಇರ್ಲಿಲ್ಲ."

ಅಯ್ಯೋ ದೇವರೇ! ಅವು ಆಟಿಕೆಗಳಲ್ಲ, ಖಾರಘರದ ಯೋಗೀಶನ ಏಳು ವರ್ಷದ ತಪಸ್ಸು. ಹೆಬ್ಬೆರಳೆತ್ತರದ ಲೋಹದ ಬೊಂಬೆಗಳು: ಉಳ್ಳಾಲದ ರಾಣಿಯ ಸೈನ್ಯ, ಎದುರಿಗೆ ಪೋರ್ಚುಗೀಸರು, ಒಟ್ಟು ಅರವತ್ತೆರಡು. ಒಂದೊಂದಾಗಿ ತರಿಸಿ, ನಾಲ್ಕೇ ಕೂದಲಿನ ಬ್ರಶ್ ಹಿಡಿದು, ಪೇಟದ ಅಂಚಿಗೂ ಬಣ್ಣ ಹಚ್ಚುತ್ತಾನೆ. ಭಾನುವಾರ ಬೇಲಾಪುರದಲ್ಲಿ ಏಳೆಂಟು ಜನ ಸೇರಿ, ಮೇಜಿನ ಮೇಲೆ ದಾಳ ಉರುಳಿಸಿ ಆ ಹಳೆಯ ಯುದ್ಧಗಳನ್ನು ಮತ್ತೆ ಆಡುತ್ತೇವೆ. ನಾನು ಅಲ್ಲಿಗೆ ಹೋಗುವುದು ಆಟಕ್ಕಲ್ಲ ಎಂದು ಯೋಗೀಶನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತು.

"ಮನೆಗೆ ಪೇಂಟಿಂಗ್ ಮಾಡಿಸ್ತಿದ್ದೇವೆ. ಒಂದು ವಾರ ನಿನ್ನ ಹತ್ರ ಇರ್ಲಿ. ಬೇರೆ ಯಾರನ್ನೂ ನಂಬುದಿಲ್ಲ ನಾನು" ಎಂದಿದ್ದ. ಆ ಮಾತಿಗೇ ಉಬ್ಬಿಹೋಗಿ, ಹತ್ತಿಯಲ್ಲಿ ಸುತ್ತಿದ್ದನ್ನು ಬಿಚ್ಚಿಯೂ ನೋಡದೆ, ಡಬ್ಬಿಯನ್ನು ಅಡುಗೆಮನೆಯಲ್ಲಿ ಇಟ್ಟವಳು ನಾನೇ. ಮಂಗ!

ಅಷ್ಟರಲ್ಲಿ ಅವನ ಮೆಸೇಜ್: "ಸಾನಪಾಡಾ ಸ್ಟೇಷನ್ನಲ್ಲಿ ಇಳಿದೆ. ಡಬ್ಬಿ ತಕೊಂಡು ಹೋಗ್ತೇನೆ."

ಗೇಟಿನಲ್ಲೇ ತಡೆದು ಎಲ್ಲ ಹೇಳಿಬಿಟ್ಟೆ. ಅವನ ಮುಖ ಬಿಳುಚಿಕೊಂಡಿತು. ಸೀದಾ ಕಿಲ್ಲಾದ ಕಡೆ ನಡೆದ. ನಾಲ್ಕು ಬೈದಿದ್ದರೂ ವಾಸಿಯಿತ್ತು.

ಪಾರ್ಕಿಂಗ್ ಮೂಲೆಯಲ್ಲಿ ಕೆಮ್ಮಣ್ಣಿನ ಕೋಟೆ, ಅದರ ಮೈತುಂಬ ಸಾಸಿವೆ ಮೊಳಕೆ. ಯೋಗೀಶ ಮೊಣಕಾಲೂರಿ ಕೂತು ಒಂದೊಂದೇ ಬೊಂಬೆಯನ್ನು ನೋಡಿದ. ನಾನು ನೆನಪಿದ್ದ ದೇವರಿಗೆಲ್ಲ ಹರಕೆ ಹೊತ್ತೆ.

ಅವನು ಫಕ್ಕನೆ ನಕ್ಕ. "ನೋಡು ಮಾರಾಯ್ತಿ, ಪೋರ್ಚುಗೀಸ್ ಕ್ಯಾಪ್ಟನ್ ಮರಾಠರ ಬಾಗಿಲು ಕಾಯ್ತಿದ್ದಾನೆ!"

"ಕೋಪ ಇಲ್ವಾ?"

"ಹೆದ್ರಿಕೆ ಆಗಿತ್ತು. ಯಾರಿಗೂ ಏನೂ ಆಗ್ಲಿಲ್ಲ. ಹಬ್ಬ ಮುಗಿಯುವವರೆಗೆ ಇಲ್ಲೇ ಇರ್ಲಿ." ಎಣಿಸಿದ. ಮತ್ತೆ ಎಣಿಸಿದ. ನಗು ಮಾಯವಾಯಿತು. "ಅರವತ್ತೊಂದೇ ಉಂಟು. ಬಿಲ್ಲುಗಾರ್ತಿ ಇಲ್ಲ."

"ಇನ್ನೊಂದು ತರಿಸುವ."

"ಅವಳು ಎಲ್ಲಿಯೂ ಸಿಗುದಿಲ್ಲ" ಎಂದ. ಅವನ ಕಿವಿ ಕೆಂಪಾಗಿತ್ತು.

ಆಗ ಅಮ್ಮ ಕೆಳಗೆ ಬಂದಳು. ಒಂದು ಕೈಯಲ್ಲಿ ಚಕ್ಕುಲಿ ತಟ್ಟೆ, ಇನ್ನೊಂದರಲ್ಲಿ ಬಿಲ್ಲುಗಾರ್ತಿ. "ಇವಳನ್ನು ಮಾತ್ರ ಕೊಡ್ಲಿಲ್ಲ. ಗದ್ದದಲ್ಲಿ ಮಚ್ಚೆ, ಬಾಣ ಎಳೆಯುದು ಎಡಗೈಯಲ್ಲಿ. ನಮ್ಮ ರಮಿತಾನೇ! ಮನೆಮಗಳನ್ನು ಮಣ್ಣಲ್ಲಿ ನಿಲ್ಲಿಸ್ಲಿಕ್ಕೆ ಆಗ್ತದಾ?" ತಟ್ಟೆಯನ್ನೂ ಬೊಂಬೆಯನ್ನೂ ನನ್ನ ಕೈಗಿತ್ತು ಹೋದಳು.

ನೋಡಿದೆ. ನನ್ನದೇ ಮಚ್ಚೆ, ಸಾಸಿವೆಗಿಂತಲೂ ಚಿಕ್ಕದು.

"ಯಾವಾಗ ಮಾಡಿದ್ದು?"

"ಎರಡು ವರ್ಷ ಆಯ್ತು. ಮೇಜಿನ ಮೇಲೆ ಇಡ್ಲಿಕ್ಕೆ ಧೈರ್ಯ ಬರ್ಲಿಲ್ಲ."

"ಎರಡು ವರ್ಷ ಬಾಯಿಗೆ ಏನಾಗಿತ್ತು?"

"ನೀನು ಯಾವಾಗ್ಲೂ ನನ್ನ ಎದುರು ಪಾರ್ಟಿ. ಪ್ರತಿ ಭಾನುವಾರ ಪೋರ್ಚುಗೀಸರ ಕಡೆ ಹೋಗಿ ಕೂರ್ತಿ. ಹೇಗೆ ಹೇಳುದು?"

"ದಡ್ಡ! ಎದುರು ಕೂತ್ರೆ ಅಲ್ವಾ ನಿನ್ನ ಮುಖ ಕಾಣುದು?"

ಅವನು ಕಣ್ಣು ಮಿಟುಕಿಸದೆ ನನ್ನನ್ನೇ ನೋಡಿದ. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

"ಹಾಗಾದ್ರೆ ಹಬ್ಬ ಆದ ಮೇಲೆ ಡಬ್ಬಿ ತಕೊಂಡು ಹೋಗ್ಲಾ?" ಎಂದ, ಚಕ್ಕುಲಿ ಮುರಿಯುತ್ತಾ.

"ಡಬ್ಬಿ ಒಂದನ್ನೇ ತಕೊಂಡು ಹೋದ್ರೆ ನೋಡು!" ಎಂದೆ.