ಉಗುರಿನಷ್ಟು ಡಾಂಗಲ್

ಫ್ರಿಜ್ಜಿನ ಬಾಗಿಲಲ್ಲಿ, ಸಾಸ್ ಬಾಟಲಿಗಳ ಹಿಂದೆ, ಲಿಪ್‌ಸ್ಟಿಕ್ ಇಡುವ ಒಂದು ಡಬ್ಬಿ ಇತ್ತು. ತಾಯಿ ಅದನ್ನು ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಲಿಪ್‌ಸ್ಟಿಕ್ ಇರಲಿಲ್ಲ. ಎರಡು ಇನ್ಸುಲಿನ್ ಪೆನ್ನುಗಳಿದ್ದವು.

ಆಕೆ ಅಡುಗೆಮನೆಯ ನೆಲದ ಮೇಲೆ ಕುಸಿದು ಕುಳಿತಳು.

“ನನ್ನ ಮಗಳು ತಾನಾಗಿ ಹೋಗಿಲ್ಲ ಸಾರ್. ಯಾರೋ ಏನೋ ಮಾಡಿದ್ದಾರೆ.”

ಇನ್ಸ್‌ಪೆಕ್ಟರ್ ಬೆಳಗ್ಗೆಯಿಂದ ಈ ಮಾತನ್ನು ಮೂರನೇ ಸಲ ಕೇಳುತ್ತಿದ್ದ. ಎರಡು ಸಲ ರೇಗಿದ್ದ. ಇಪ್ಪತ್ತೆರಡು ವರ್ಷದ ಹುಡುಗಿ. ಕಂಪ್ಯೂಟರ್ ಆಟದ ತಂಡವೊಂದಕ್ಕೆ ಸಂಬಳಕ್ಕೆ ಆಡುತ್ತಾಳೆ. ತಂಡದವರೆಲ್ಲ ಈ ನೆಲಮಹಡಿಯ ಮನೆಯಲ್ಲೇ ವಾಸ. ನಿನ್ನೆ ಸಂಜೆ ಆರಕ್ಕೆ ಕೋಚ್ ಜೊತೆ ಜಗಳ ಆಡಿದಳು. ಏಳಕ್ಕೆ ಅವಳ ಕಂಪ್ಯೂಟರಿನಿಂದ ಎಲ್ಲರಿಗೂ ಸಂದೇಶ ಬಂತು: ನಾನು ಹೋಗ್ತಿದ್ದೀನಿ, ಹುಡುಕಬೇಡಿ. ಬ್ಯಾಗ್ ಇಲ್ಲ, ಬಟ್ಟೆ ಇಲ್ಲ, ಫೋನ್ ಇಲ್ಲ. ಇದರಲ್ಲಿ ಅಪರಾಧ ಏನಿದೆ ಎಂದು ಅವನು ಕೇಳಿದ್ದ.

ಈಗ ಡಬ್ಬಿ ನೋಡಿ, ಇದೇನೆಂದು ಕೇಳಿದ.

ತಾಯಿ ಹೇಳಿದಳು. ಮಗಳಿಗೆ ಹದಿನಾರನೇ ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆಗೆ ಬಗ್ಗುವಂಥದ್ದಲ್ಲ. ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳಬೇಕು. ನಿನ್ನೆ ಮಧ್ಯಾಹ್ನ ಊಟಕ್ಕೆ ಮೊದಲು, ಫೋನಿನಲ್ಲಿ ಮಾತಾಡುತ್ತಲೇ ಚುಚ್ಚಿಕೊಂಡಿದ್ದಳು. ಆಮೇಲೆ ಇಲ್ಲ. ಒಂದು ದಿನ ತಪ್ಪಿದರೆ ವಾಂತಿ, ಏದುಸಿರು. ಇನ್ನೂ ತಪ್ಪಿದರೆ ಮೈಮೇಲೆ ಎಚ್ಚರ ಇರುವುದಿಲ್ಲ. ಅದರಾಚೆ ಏನೆಂದು ಆಕೆ ಹೇಳಲಿಲ್ಲ.

ಗಂಟೆ ಹನ್ನೊಂದಾಗಿತ್ತು.

“ಇದನ್ಯಾಕಮ್ಮ ಹೀಗೆ ಬಚ್ಚಿಟ್ಟಿದ್ದಾಳೆ?”

“ಯಾರಿಗೂ ಗೊತ್ತಿಲ್ಲ ಸಾರ್. ಕಾಯಿಲೆಯವರನ್ನ ಕಟ್ಕೊಂಡು ಗೆಲ್ಲೋಕಾಗಲ್ಲ ಅಂತ ಕೋಚ್ ಒಬ್ಬ ಹುಡುಗನ್ನ ಮನೆಗೆ ಕಳಿಸಿದ್ರಂತೆ. ನೀವೂ ಹೇಳ್ಬೇಡಿ. ಸಿಕ್ಕ ಮೇಲೆ ಅವಳು ಇಲ್ಲೇ ಕೆಲಸ ಮಾಡ್ಬೇಕಲ್ಲ.”

“ಜೀವ ಇದ್ರೆ ತಾನೇ ಕೆಲಸ,” ಎಂದ ಇನ್ಸ್‌ಪೆಕ್ಟರ್. ಆದರೂ ಆಕೆಯ ಮುಖ ನೋಡಿ ಮಾತು ಕೊಟ್ಟ. ಯಾರಿಗೂ ಹೇಳುವುದಿಲ್ಲ ಎಂದ.

ಅದು ಅವನ ಮೊದಲ ತಪ್ಪು.

* * *

ಎರಡನೆಯದು ಫೋನ್. ಅದು ಚಲಿಸುತ್ತಿದೆ, ಹೆದ್ದಾರಿಯಲ್ಲಿದೆ ಎಂದು ಕಂಪನಿಯವರು ತಿಳಿಸಿದರು. ಇನ್ಸ್‌ಪೆಕ್ಟರ್ ಅದರ ಬೆನ್ನು ಹತ್ತಿದ. ನಾಲ್ಕು ಠಾಣೆಗಳಿಗೆ ಫೋನ್ ಮಾಡಿದ, ಇಬ್ಬರ ಮೇಲೆ ಕೂಗಾಡಿದ. ನೂರಿಪ್ಪತ್ತು ಕಿಲೋಮೀಟರ್ ದೂರದಲ್ಲಿ ಒಂದು ಬಸ್ಸನ್ನು ತಡೆದರು. ಫೋನ್ ಸಿಕ್ಕಿತು. ಕೊನೆಯ ಸೀಟಿನ ಕೆಳಗೆ, ಮಡಿಸಿದ ಪೇಪರಿನೊಳಗೆ. ನಿನ್ನೆ ರಾತ್ರಿಯಿಂದ ಆ ಬಸ್ಸು ಹೋಗಿ ಬಂದು ಹೋಗುತ್ತಿತ್ತು. ಅಂಥ ಹುಡುಗಿಯನ್ನು ಕಂಡಕ್ಟರ್ ನೋಡಿರಲಿಲ್ಲ.

ಒಂದು ಗಂಟೆ ಹೊಡೆಯಿತು. ಎರಡು ಗಂಟೆ ಹಾಳಾಗಿತ್ತು.

ತಾಯಿ ಹಾಲಿನ ಮೂಲೆಯಲ್ಲಿ ಕುಳಿತಿದ್ದಳು. ಡಬ್ಬಿಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಯಾರಾದರೂ ಬಾಗಿಲು ತೆರೆದರೆ ತಲೆ ಎತ್ತುತ್ತಿದ್ದಳು. ಮತ್ತೆ ಇಳಿಸುತ್ತಿದ್ದಳು. ಆ ತಲೆ ಏಳುವುದು ಇಳಿಯುವುದು ನೋಡಲಾರದೆ ಇನ್ಸ್‌ಪೆಕ್ಟರ್ ಕೋಚ್ ಮೇಲೆ ಬಿದ್ದ.

“ಜಗಳ ಯಾಕಾಯ್ತು?”

“ಹೆಡ್‌ಸೆಟ್‌ಗೆ ಸಾರ್.”

“ಕಿವಿಗೆ ಹಾಕ್ಕೊಳ್ಳೋ ಒಂದು ಸಾಮಾನಿಗಾ?”

ಕೋಚ್ ನಲವತ್ತರ ಗಂಡಸು. ನಿದ್ದೆಗೆಟ್ಟ ಕಣ್ಣು. ಇವತ್ತು ಸಂಜೆ ಐದಕ್ಕೆ ವರ್ಷದ ದೊಡ್ಡ ಪಂದ್ಯ ಎಂದ. ಸಾವಿರಾರು ಜನ ಸೇರುವ ಸಭಾಂಗಣ. ಒಬ್ಬೊಬ್ಬರ ಜೇಬಿನಲ್ಲೂ ಫೋನು. ಅಂಥ ಕಡೆ ವೈರ್‌ಲೆಸ್ ನಂಬಲು ಆಗುವುದಿಲ್ಲ. ಸಿಗ್ನಲ್ ತಡವರಿಸುತ್ತದೆ. ಬ್ಯಾಟರಿ ಕೈಕೊಡುತ್ತದೆ. ಶತ್ರುವಿನ ಹೆಜ್ಜೆ ಸದ್ದು ಅರೆಗಳಿಗೆ ತಡವಾಗಿ ಕೇಳಿದರೂ ಆಟ ಮುಗಿದಂತೆ. ವೈರಿನದಕ್ಕೆ ಆ ರಗಳೆ ಇಲ್ಲ. ಚುಚ್ಚಿದರೆ ಮುಗಿಯಿತು. ಅದಕ್ಕೇ ಎಲ್ಲರಿಗೂ ವೈರಿನ ಹೊಸ ಹೆಡ್‌ಸೆಟ್ ತರಿಸಿದ್ದ. ಉಳಿದ ಮೂವರು ಗೊಣಗುತ್ತಾ ಒಪ್ಪಿದರು. ಅವಳು ಒಪ್ಪಲಿಲ್ಲ. ಕಾರಣ ಕೇಳಿದರೆ ಹೇಳಲಿಲ್ಲ. ಕೋಪ ಬಂದು ಅವಳ ಮೇಜಿನ ಸ್ವಿಚ್ ಆರಿಸುತ್ತೇನೆ ಎಂದ. ಸಂದೇಶ ಬಂದ ಮೇಲೆ ನಿಜಕ್ಕೂ ಆರಿಸಿದ. ಅಷ್ಟೇ.

ಮೂಲೆಯಿಂದ ತಾಯಿ ಇನ್ಸ್‌ಪೆಕ್ಟರನನ್ನು ನೋಡಿದಳು. ಕಾರಣ ಇಬ್ಬರಿಗೂ ಅರ್ಥವಾಯಿತು. ವೈರು ಇದ್ದರೆ ಮೇಜಿನಿಂದ ಏಳಲಾಗದು. ವೈರ್‌ಲೆಸ್ ಆದರೆ, ಜೊತೆಯವರ ಮಾತು ಕೇಳಿಸಿಕೊಳ್ಳುತ್ತಲೇ ಎದ್ದು, ಬಚ್ಚಲಿಗೆ ಹೋಗಿ, ಚುಚ್ಚಿಕೊಂಡು ಬರಬಹುದು.

“ನೀನೇ ಅವಳನ್ನ ಎಲ್ಲೋ ಇಟ್ಟಿದ್ದೀಯ,” ಎಂದ ಇನ್ಸ್‌ಪೆಕ್ಟರ್.

“ನನಗೇನು ತಲೆ ಕೆಟ್ಟಿದೆಯಾ ಸಾರ್? ಅವಳಿಲ್ಲದೆ ಇವತ್ತು ನಾವು ಗೆಲ್ಲಲ್ಲ. ಎಕ್ಸ್‌ಟ್ರಾ ಆಡಿಸಬೇಕು.”

ಎಕ್ಸ್‌ಟ್ರಾ ಎಂದರೆ ತಂಡದ ಐದನೆಯ ಆಟಗಾರ. ಯಾರಾದರೂ ಇಲ್ಲದಿದ್ದರೆ ಮಾತ್ರ ಆಡುವವನು. ತಂಡಕ್ಕೆ ಬಂದು ಒಂದೂವರೆ ತಿಂಗಳು. ಈ ಒಂದೂವರೆ ತಿಂಗಳಲ್ಲಿ ಒಂದು ಸಲವೂ ಆಡಿರಲಿಲ್ಲ. ಬೆಳಗ್ಗೆಯೇ ಉಳಿದ ಮೂವರ ಜೊತೆ ಸಭಾಂಗಣಕ್ಕೆ ಹೋಗಿದ್ದ.

ಇನ್ಸ್‌ಪೆಕ್ಟರ್ ನಾಲ್ವರನ್ನೂ ವಾಪಸ್ ಕರೆಸಲು ಜೀಪು ಕಳಿಸಿದ.

* * *

ಅವರು ಬರುವ ತನಕ ಅವನು ಹುಡುಗಿಯ ಮೇಜಿನ ಮುಂದೆ ನಿಂತ. ಕಂಪ್ಯೂಟರ್ ಗೊತ್ತಿಲ್ಲದ ಮನುಷ್ಯ. ಆದರೆ ಮನೆಗಳ್ಳತನ ಕೇಸುಗಳಲ್ಲಿ ಪಳಗಿದವನು. ಏನು ಹೋಗಿದೆ ಎನ್ನುವುದಕ್ಕಿಂತ ಏನು ಉಳಿದಿದೆ ಎಂದು ನೋಡುವವನು.

ಇಲ್ಲಿಂದ ಏನೇನು ಹೋಗಿದೆ ಎಂದು ಕೋಚ್‌ನನ್ನು ಕೇಳಿದ. ಹೆಡ್‌ಸೆಟ್ ಹೋಗಿದೆ, ಚಾರ್ಜ್ ಮಾಡುವ ವೈರೂ ಹೋಗಿದೆ ಎಂದ ಕೋಚ್. ಆ ವೈರು ಮೇಜಿನ ಹಿಂದೆ ಹನ್ನೊಂದು ವೈರುಗಳ ಕಂತೆಯಲ್ಲಿ ಇತ್ತಂತೆ. ಕಂತೆಯ ಪಟ್ಟಿಯನ್ನು ಕತ್ತರಿಸಿ ಅದೊಂದನ್ನೇ ಹುಡುಕಿ ಎಳೆದಿದ್ದರು.

“ಅದು ಬೇರೆ ಕಡೆ ಸಿಗದ ವೈರಾ?”

“ಇಲ್ಲ ಸಾರ್. ಯಾವ ಫೋನಿನ ಚಾರ್ಜರ್ ಆದ್ರೂ ನಡೆಯತ್ತೆ.” ಹಾಗೆನ್ನುತ್ತಾ ಕೋಚ್ ಕಂಪ್ಯೂಟರಿನ ಹಿಂಬದಿಗೆ ಕೈ ಹಾಕಿದ. ಕೈ ಅಲ್ಲೇ ನಿಂತಿತು. “ಡಾಂಗಲ್ ಇಲ್ಲೇ ಇದೆ.”

“ಏನದು?”

ಕೋಚ್ ಬೆರಳಿನಿಂದ ತೋರಿಸಿದ. ಉಗುರಿನಷ್ಟು ಒಂದು ಕಪ್ಪು ತುಂಡು. ಕಂಪ್ಯೂಟರ್ ಕಳಿಸುವ ಸದ್ದನ್ನು ಹೆಡ್‌ಸೆಟ್‌ಗೆ ದಾಟಿಸುವುದು ಇದೇ. ಇದಿಲ್ಲದೆ ಆ ಹೆಡ್‌ಸೆಟ್ ಸತ್ತ ಹಾಗೆ. ಒಂದಕ್ಕೆ ಇನ್ನೊಂದರದು ಹೊಂದುವುದಿಲ್ಲ. ಹುಡುಗರು ಕಳೆಯುತ್ತಾರೆಂದು ಪ್ರತಿಯೊಂದಕ್ಕೂ ಕೋಚ್ ತಾನೇ ಸಂಖ್ಯೆ ಅಂಟಿಸಿದ್ದ.

ಇನ್ಸ್‌ಪೆಕ್ಟರ್ ಅಲ್ಲಿದ್ದ ಕುರ್ಚಿಯನ್ನು ಒದ್ದ.

ಬ್ಯಾಗು ಕಟ್ಟಿದವಳು ಅವಳಲ್ಲ.

* * *

ನಾಲ್ವರು ಹುಡುಗರೂ ಬಂದರು. ಎರಡೂಕಾಲು. ಪಂದ್ಯ ತಪ್ಪುತ್ತದೆ ಎಂಬ ಸಿಡುಕು ಎಲ್ಲರ ಮುಖದಲ್ಲೂ ಇತ್ತು. ಎಕ್ಸ್‌ಟ್ರಾ ಮಾತ್ರ ಕೈ ಒರೆಸಿಕೊಳ್ಳುತ್ತಿದ್ದ.

ಇನ್ಸ್‌ಪೆಕ್ಟರ್ ಪ್ರಶ್ನೆ ಕೇಳಲಿಲ್ಲ. ಮೇಜುಗಳ ಮೇಲಿದ್ದ ಹಳೆಯ ವೈರ್‌ಲೆಸ್ ಹೆಡ್‌ಸೆಟ್‌ಗಳನ್ನು ತೋರಿಸಿದ. ಒಬ್ಬೊಬ್ಬರೂ ಒಂದೊಂದು ಮೇಜಿನ ಹತ್ತಿರ ನಿಲ್ಲಿ ಎಂದ. ಎಕ್ಸ್‌ಟ್ರಾನನ್ನು ಕೋಚ್ ಮೇಜಿಗೆ ಕಳಿಸಿದ. “ಊರು ಬಿಟ್ಟು ಹೋಗ್ತಿದ್ದೀರಿ ಅಂದ್ಕೊಳ್ಳಿ. ಹೆಡ್‌ಸೆಟ್ ಪ್ಯಾಕ್ ಮಾಡಿ. ಅರ್ಧ ನಿಮಿಷ.”

ಮೊದಲ ಮೂವರೂ ಕಂಪ್ಯೂಟರಿನ ಹಿಂದೆ ಕೈ ಹಾಕಿದರು. ಡಾಂಗಲ್ ಕಿತ್ತರು. ಒಬ್ಬ ಅದನ್ನು ಜೇಬಿಗೆ ಹಾಕಿದ, ಇಬ್ಬರು ಹೆಡ್‌ಸೆಟ್ಟಿನ ಕಿವಿಯೊಳಗೆ ಸಿಕ್ಕಿಸಿದರು. ವೈರಿನ ಕಡೆ ಯಾರೂ ನೋಡಲಿಲ್ಲ.

ಎಕ್ಸ್‌ಟ್ರಾ ಹೆಡ್‌ಸೆಟ್ ಎತ್ತಿಕೊಂಡ. ಮೇಜಿನ ಕೆಳಗೆ ಬಗ್ಗಿದ. ಚಾರ್ಜಿಂಗ್ ವೈರನ್ನು ಹುಡುಕಿ ಎಳೆದು, ನೀಟಾಗಿ ಸುತ್ತಿ, ಹೆಡ್‌ಸೆಟ್ ಮೇಲೆ ಇಟ್ಟ.

“ಡಾಂಗಲ್ ಬಿಟ್ಯಲ್ಲೋ, ಪೆದ್ದ,” ಎಂದು ಪಕ್ಕದವನು ನಕ್ಕ. ನಕ್ಕವನು ತಾನೇ ನಿಲ್ಲಿಸಿದ.

ಇನ್ಸ್‌ಪೆಕ್ಟರ್ ನಿಧಾನವಾಗಿ ಹೇಳಿದ. ವೈರ್‌ಲೆಸ್ಸಿನವರು ಮೊದಲು ಡಾಂಗಲ್ ನೋಡುತ್ತಾರೆ. ಕೋಚ್ ಅಂತೂ ನಿದ್ದೆಯಲ್ಲೂ ಮರೆಯುವುದಿಲ್ಲ. ಏನೂ ಗೊತ್ತಿಲ್ಲದ ಹೊರಗಿನವರಾದರೆ ಎದುರಿಗೆ ಕಂಡ ಹೆಡ್‌ಸೆಟ್ ಮಾತ್ರ ಎತ್ತುತ್ತಾರೆ. ಹನ್ನೊಂದು ವೈರಿನ ಗೋಜಿಗೆ ಹೋಗುವುದಿಲ್ಲ. ಹೆಡ್‌ಸೆಟ್ ಎಂದರೆ ವೈರು ಇರಲೇಬೇಕು ಎಂದು ಕೈಗೆ ರೂಢಿಯಾದವನು ಒಬ್ಬನೇ ಅದನ್ನು ಹುಡುಕುತ್ತಾನೆ.

“ಹುಟ್ಟಿದಾಗಿನಿಂದ ವೈರಿನದರಲ್ಲೇ ಆಡಿದವನು ಇಲ್ಲಿ ಯಾರು?”

ಕೋಚ್ ಎಕ್ಸ್‌ಟ್ರಾ ಕಡೆ ನೋಡಿದ.

“ಗಾಬರೀಲಿ ಮರೆತೆ ಸಾರ್,” ಎಂದ ಎಕ್ಸ್‌ಟ್ರಾ. “ಪೊಲೀಸ್ ಮುಂದೆ ಯಾರಿಗೆ ಕೈ ಓಡತ್ತೆ? ಅವಳು ಮನೆಗೆ ಹೋಗಿರ್ತಾಳೆ. ನಾಳೆ ತಾನೇ ಬರ್ತಾಳೆ.”

“ನಾಳೆ ಅಂತ ನಿನಗೆ ಹೇಗೆ ಗೊತ್ತು?”

ಇನ್ಸ್‌ಪೆಕ್ಟರ್ ಅವನ ಕಾಲರ್ ಹಿಡಿದ. ಗೋಡೆಗೆ ಒತ್ತಿದ. ಹುಡುಗ ಅತ್ತ, ಹೇಳಲಿಲ್ಲ. ಸಾಕ್ಷಿ ಏನಿದೆ ಎಂದು ಅಳುತ್ತಲೇ ಕೇಳಿದ. ಸಾಕ್ಷಿ ಇರಲಿಲ್ಲ. ಎರಡೂವರೆಯಾಗಿತ್ತು.

ಆಗ ಕೋಚ್ ಹುಡುಗಿಯ ಮೇಜಿನ ಸ್ವಿಚ್ ಹಾಕಿದ. ಸಂದೇಶವನ್ನು ಇನ್ನೊಮ್ಮೆ ಓದೋಣ ಅನ್ನಿಸಿತಂತೆ. ಪರದೆ ಬೆಳಗಿತು. ಡಾಂಗಲ್ ಮೇಲೆ ಕೆಂಪು ದೀಪ ಮಿನುಗಿತು. ಮಿನುಗಿ ಮಿನುಗಿ ಹಸಿರಾಯಿತು.

ಪರದೆಯ ಮೂಲೆಯಲ್ಲಿ ಒಂದು ಸಾಲು ಬಂತು. ಹೆಡ್‌ಸೆಟ್ ಸಿಕ್ಕಿದೆ. ಬ್ಯಾಟರಿ ಶೇಕಡ ಮೂರು.

“ಸಾರ್,” ಎಂದ ಕೋಚ್. “ಇದು ಗೋಡೆ ದಾಟಿದ್ರೂ ಹತ್ತು ಹದಿನೈದು ಹೆಜ್ಜೆ ಮಾತ್ರ ಹೋಗತ್ತೆ. ಅವಳು ಇದೇ ಕಟ್ಟಡದಲ್ಲಿದ್ದಾಳೆ.”

ಅವಳ ಮೈಕಿನ ಸದ್ದನ್ನು ಅವನು ಸ್ಪೀಕರಿಗೆ ಕೊಟ್ಟ. ಮೊದಲು ಮೋಟರ್ ಓಡುವ ಗೊರಗೊರ. ಅದರ ಮೇಲೆ ಉಸಿರು. ಆಳವಾಗಿ, ಬೇಗ ಬೇಗ, ಓಡಿಬಂದವರು ಬಿಡುವ ಉಸಿರು. ಮಾತಿಲ್ಲ.

ತಾಯಿ ಎದ್ದು ಬಂದಳು.

“ಗುಬ್ಬೀ,” ಎಂದಳು ಪರದೆಗೆ. ಉಸಿರು ಹಾಗೇ ನಡೆಯಿತು. ಆಕೆ ತಿರುಗಿ, ಮಾತು ಮುಚ್ಚಿಡುವುದನ್ನು ಬಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದಳು. “ಆರು ವರ್ಷದ ಹಿಂದೆ ಇದೇ ಉಸಿರು ಕೇಳಿದ್ದೆ. ಆವತ್ತು ಡಾಕ್ಟ್ರು ಇನ್ನೊಂದು ಗಂಟೆ ತಡ ಆಗಿದ್ರೆ ಮಗಳಿಲ್ಲ ಅಂದ್ರು. ಅವಳಿಗೆ ಇನ್ಸುಲಿನ್ ಇಲ್ಲದೆ ಜೀವ ನಿಲ್ಲಲ್ಲ ಕಣಪ್ಪ. ಎಲ್ಲಿಟ್ಟಿದ್ದೀಯ ಹೇಳಪ್ಪ.”

ಎಕ್ಸ್‌ಟ್ರಾ ಗೋಡೆ ಬಿಟ್ಟು ಮುಂದೆ ಬಂದ.

“ನಂಗೊತ್ತಿರಲಿಲ್ಲ ಆಂಟಿ. ಕೆಳಗೆ. ಸ್ಟೋರಲ್ಲಿ. ಪಂಪಿನ ಪಕ್ಕ.”

ಸ್ಪೀಕರ್ ಟಕ್ ಎಂದು ಸುಮ್ಮನಾಯಿತು. ಬ್ಯಾಟರಿ ಮುಗಿದಿತ್ತು.

* * *

ಆ ಸ್ಟೋರನ್ನು ಪೇದೆಯೊಬ್ಬ ಬೆಳಗ್ಗೆಯೇ ನೋಡಿ ಬಂದಿದ್ದ. ಹೊರಗಿನಿಂದ ಬೀಗ ಇದೆ ಸಾರ್ ಎಂದಿದ್ದ. ಸರಿ ಎಂದು ಇನ್ಸ್‌ಪೆಕ್ಟರ್ ಬಿಟ್ಟಿದ್ದ. ಈಗ ಆ ಬೀಗವನ್ನು ಅವನೇ ಕಬ್ಬಿಣದ ಸಲಾಕೆಯಿಂದ ಒಡೆದ. ಮೂರು ಏಟಿಗೆ ಅಂಗೈ ಸುಲಿಯಿತು, ನಾಲ್ಕನೆಯದಕ್ಕೆ ಬೀಗ ಬಿತ್ತು.

ಅವಳು ಖಾಲಿ ರಟ್ಟಿನ ಡಬ್ಬಗಳ ಮೇಲೆ ಮಗ್ಗುಲಾಗಿ ಮಲಗಿದ್ದಳು. ತುಟಿ ಒಡೆದಿತ್ತು. ಪಕ್ಕದಲ್ಲಿ ಮೂರು ಖಾಲಿ ನೀರಿನ ಬಾಟಲಿ, ಮುಟ್ಟದ ಬಿಸ್ಕತ್ತು. ಹೆಡ್‌ಸೆಟ್ ತಲೆಯ ಮೇಲೇ ಇತ್ತು. ತಾಯಿ ಮಗಳ ಬಾಯಿ ಮೂಸಿ ನೋಡಿದಳು. ಆವತ್ತಿನ ಹಾಗೇ ಕೊಳೆತ ಹಣ್ಣಿನ ವಾಸನೆ ಎಂದಳು. ಆಂಬುಲೆನ್ಸಿಗೆ ಕಾಯದೆ ಜೀಪಿನಲ್ಲೇ ಒಯ್ದರು. ಆಸ್ಪತ್ರೆಯಲ್ಲಿ ಡಾಕ್ಟರ್ ಯಾವ ಭರವಸೆಯನ್ನೂ ಕೊಡಲಿಲ್ಲ. ಕಾಯಿರಿ ಎಂದರು.

* * *

ಠಾಣೆಯಲ್ಲಿ ಎಕ್ಸ್‌ಟ್ರಾ ಎಲ್ಲವನ್ನೂ ಹೇಳಿದ. ಕೇಳದೆಯೇ ಹೇಳಿದ.

ಜಗಳ ಆದ ಮೇಲೆ ಹುಡುಗಿ ಅಳುತ್ತಾ ಕುಳಿತಿದ್ದಳು. ಆಮೇಲೆ, ಆಗಲಿ, ವೈರಿನದೇ ಹಾಕಿಕೊಳ್ಳುತ್ತೇನೆ, ಒಂದು ಪಂದ್ಯ ತಾನೇ ಎಂದಳು. ಅವಳು ಒಪ್ಪಿದ ಸುದ್ದಿ ಕೋಚ್‌ಗೆ ಮುಟ್ಟಿದರೆ ತನಗೆ ಆಡಲು ಸಿಗುವುದಿಲ್ಲ. ಹೊಸ ಹೆಡ್‌ಸೆಟ್‌ಗಳು ಕೆಳಗಿವೆ, ಬಾ, ಕಿವಿಗೆ ಒಗ್ಗುವುದನ್ನು ಆರಿಸಿಕೋ ಎಂದು ಕರೆದುಕೊಂಡು ಹೋದ. ಅವಳು ಡಬ್ಬ ಬಿಚ್ಚುತ್ತಿರುವಾಗ ಬಾಗಿಲು ಎಳೆದು ಬೀಗ ಹಾಕಿದ. ಮೇಲೆ ಬಂದು ಅವಳ ಕಂಪ್ಯೂಟರಿನಿಂದ ಸಂದೇಶ ಕಳಿಸಿದ. ಅವಳೇ ಹೋದಂತೆ ಕಾಣಲೆಂದು ಹೆಡ್‌ಸೆಟ್, ವೈರು, ಬಟ್ಟೆ ಹಾಕಿ ಬ್ಯಾಗು ಕಟ್ಟಿ, ನೀರು, ಬಿಸ್ಕತ್ತೂ ತುಂಬಿ, ಹಿತ್ತಲಿನ ಗವಾಕ್ಷಿಯಿಂದ ಒಳಗೆ ತಳ್ಳಿದ. ಅವಳ ಫೋನನ್ನು ಪೇಪರಿನಲ್ಲಿ ಸುತ್ತಿ ಊರಾಚೆ ಹೋಗುವ ಬಸ್ಸಿನಲ್ಲಿಟ್ಟ. ಪಂಪಿನ ಸದ್ದಿಗೆ ಅವಳ ಕೂಗು ಯಾರಿಗೂ ಕೇಳುವುದಿಲ್ಲ ಎಂದು ಗೊತ್ತಿತ್ತು. ಪಂದ್ಯ ಮುಗಿದ ಮೇಲೆ ಬಿಡುತ್ತಿದ್ದೆ, ಕಾಲು ಹಿಡಿಯುತ್ತಿದ್ದೆ ಎಂದ.

“ಒಂದೇ ಒಂದು ಸಲ ಆಡ್ಬೇಕಿತ್ತು ಸಾರ್. ಅವಳಿಗೆ ಕಾಯಿಲೆ ಅಂತ ಗೊತ್ತಿದ್ರೆ ಬೆಳಗ್ಗೆನೇ ಹೇಳ್ತಿದ್ದೆ.”

ಇನ್ಸ್‌ಪೆಕ್ಟರ್ ಅಡುಗೆಮನೆಯಲ್ಲಿ ಕೊಟ್ಟ ಮಾತು ಮೂರೂವರೆ ಗಂಟೆ ತಿಂದಿತ್ತು. ಅದನ್ನು ಯಾವ ಡೈರಿಯಲ್ಲೂ ಬರೆಯುವಂತಿರಲಿಲ್ಲ.

“ಅವಳು ಬದುಕ್ತಾಳಾ ಸಾರ್?”

“ಬರಿ ಮೊದಲು,” ಎಂದು ಹಾಳೆ ಮುಂದೆ ತಳ್ಳಿದ.

ಏಳು ಗಂಟೆಗೆ ಆಸ್ಪತ್ರೆಯಿಂದ ಪೇದೆ ಫೋನ್ ಮಾಡಿದ. ಹುಡುಗಿ ಕಣ್ಣು ಬಿಟ್ಟಳು, ತಾಯಿಯನ್ನು ಗುರುತಿಸಿದಳು, ನೀರು ಕೇಳಿದಳು ಎಂದ. ಇನ್ಸ್‌ಪೆಕ್ಟರ್ ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟ. ಸುಲಿದ ಅಂಗೈಯನ್ನು ಸ್ವಲ್ಪ ಹೊತ್ತು ನೋಡಿದ.

ಒಳಗಿನ ಕೋಣೆಯಲ್ಲಿ ಹುಡುಗ ತಲೆ ಎತ್ತಿ ಬಾಗಿಲ ಕಡೆ ನೋಡುತ್ತಿದ್ದ. ಯಾರಾದರೂ ಹಾದುಹೋದರೆ ನೋಡುತ್ತಿದ್ದ.

ಆ ಸುದ್ದಿಯನ್ನು ಇನ್ಸ್‌ಪೆಕ್ಟರ್ ಅವನಿಗೆ ಆಗಲೇ ಹೇಳಬಹುದಿತ್ತು. ಎಂಟು ಗಂಟೆಯವರೆಗೆ ಹೇಳಲಿಲ್ಲ.